ದೀಪಸ್ತಂಭದ ಒಕ್ಕಣ್ಣ ಬೆಕ್ಕು

ಹೋಟೆಲುಗಳಿಗೆ ಫೋನ್ ಮಾಡಿದಾಗ ನಾನು ಕೇಳುವುದು ಒಂದೇ ಪ್ರಶ್ನೆ: ಬಚ್ಚಲಿನ ಬಾಗಿಲು ಎಷ್ಟು ಇಂಚು ಅಗಲ? ಉತ್ತರವಾಗಿ ಇಂಚೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಸಿಗುತ್ತದೆ. ಬಿಸಿನೀರಿದೆ ಎನ್ನುತ್ತಾರೆ, ಟೀವಿ ಇದೆ ಎನ್ನುತ್ತಾರೆ, ಕಿಟಕಿಯಿಂದ ಸಮುದ್ರ ಕಾಣುತ್ತದೆ ಎನ್ನುತ್ತಾರೆ. ಈ ಸಲ ಫೋನೆತ್ತಿದವನು ಸ್ವಲ್ಪ ಬುದ್ಧಿವಂತ.

"ಬಾಗಿಲು ದೊಡ್ಡದೇ ಇದೆ ಮೇಡಂ. ನಮ್ಮ ಮ್ಯಾನೇಜರ್ ಒಳ್ಳೆ ದಪ್ಪ ಇದ್ದಾರೆ, ಆರಾಮಾಗಿ ಹೋಗಿ ಬರ್ತಾರೆ."

"ಅವರ ಸೊಂಟದ ಸುತ್ತಳತೆ ಎಷ್ಟು?" ಎಂದೆ.

ನಾನು ದರ್ಜಿ, ಮೂವತ್ತು ವರ್ಷದಿಂದ ಶಾಲೆಯ ಯೂನಿಫಾರಂ, ಕೋಟು, ಪ್ಯಾಂಟು ಹೊಲಿಯುತ್ತಿರುವವಳು. ನನ್ನ ಕಸುಬಿನಲ್ಲಿ ಇದು ಮರ್ಯಾದೆಯ ಪ್ರಶ್ನೆಯೇ. ಅವನು ಹೋಗಿ ಕೇಳಿಕೊಂಡು ಬಂದ. ನಲವತ್ತೆರಡಂತೆ. ನಲವತ್ತೆರಡು ಸುತ್ತಳತೆಯ ಗಂಡಸು ಎದುರಿನಿಂದ ಸುಮಾರು ಹದಿನಾರು ಇಂಚು ಅಗಲ ಇರುತ್ತಾನೆ. ನನ್ನ ಗಾಲಿಕುರ್ಚಿ ಇಪ್ಪತ್ತನಾಲ್ಕು ಇಂಚು. ಒಂದೂವರೆ ಮ್ಯಾನೇಜರ್ ಒಟ್ಟಿಗೆ ಹೋಗುವ ಬಾಗಿಲಿದ್ದರೆ ತಿಳಿಸಿ ಎಂದು ಹೇಳಿ ಫೋನ್ ಇಟ್ಟೆ.

ಕುಂಟನಿಗೆ ಎಂಟು ಚೇಷ್ಟೆ ಎಂದು ಗಾದೆ. ನನ್ನವನ್ನು ನಾನು ಎಣಿಸಿ ನೋಡಿದ್ದೇನೆ, ಹನ್ನೆರಡಿವೆ. ಮೊದಲನೆಯದು ಪ್ರವಾಸ. ಆರನೇ ವಯಸ್ಸಿನಲ್ಲಿ ಬಂದ ಜ್ವರ ಬಿಟ್ಟು ಹೋಗುವಾಗ ಎರಡೂ ಕಾಲಿನ ಬಲವನ್ನು ತನ್ನ ಜೊತೆಗೇ ಒಯ್ದಿತು. ಅಂದಿನಿಂದ ನನ್ನನ್ನು ತಳ್ಳುವವಳು ಅಕ್ಕ. ಅವಳಿಗೀಗ ಐವತ್ತಾರು, ನನಗೆ ಐವತ್ತೊಂದು. ಅವಳು ವಿಮಾ ಕಚೇರಿಯಲ್ಲಿ ಗುಮಾಸ್ತೆ. ಇಬ್ಬರಿಗೂ ಮದುವೆಯಾಗಲಿಲ್ಲ, ನನ್ನನ್ನು ಯಾರೂ ಕೇಳಲಿಲ್ಲ, ತನ್ನನ್ನು ಕೇಳಿದವರನ್ನು ಅವಳು ಒಪ್ಪಲಿಲ್ಲ.

ಅಕ್ಕನ ತ್ಯಾಗ ನಮ್ಮ ನೆಂಟರ ಬಾಯಲ್ಲಿ ಸದಾ ಹಸಿರು. ಬಾಡಿಗೆ ಮನೆ ಹುಡುಕಿದಾಗಲೆಲ್ಲ ನೆಲಮಹಡಿಯೇ ಬೇಕೆಂದು ಹಟ ಹಿಡಿದಳು, ತಂಗಿಗೋಸ್ಕರ. ಕಚೇರಿಯಲ್ಲಿ ಬಡ್ತಿ ಬಂತು. ಹೊಸ ಹುದ್ದೆಯ ಕುರ್ಚಿ ನಾಲ್ಕನೇ ಮಹಡಿಯಲ್ಲಿ ಎಂದು ಗೊತ್ತಾದ ತಕ್ಷಣ ಬೇಡವೆಂದು ಬರೆದುಕೊಟ್ಟಳು. ತಂಗಿಗೆ ಏನಾದರೂ ಆದರೆ ಇಳಿದು ಬರುವಷ್ಟರಲ್ಲಿ ಹೊತ್ತಾಗುತ್ತದಂತೆ. ಚಿಕ್ಕಮ್ಮ ಕಣ್ಣೊರೆಸಿಕೊಂಡು, "ಇಂಥ ಅಕ್ಕ ಸಿಗೋಕೆ ಪುಣ್ಯ ಮಾಡಿರ್ಬೇಕು," ಎಂದಳು. ನನಗೆ ಮೈಯೆಲ್ಲ ಉರಿಯಿತು. ನಾನು ಕೇಳದೆ ಇದ್ದ ಉಪಕಾರಕ್ಕೆ ದಿನಕ್ಕೆರಡು ಸಲ ತಲೆಬಾಗಬೇಕಿತ್ತು.

ವರ್ಷಕ್ಕೊಮ್ಮೆ ನಾವು ಹೊರಡುತ್ತಿದ್ದೆವು. ಊರು ಯಾವುದಾದರೂ ನಡೆಯುವುದು ಒಂದೇ. ಅಲ್ಲೊಂದು ಎತ್ತರದ ಜಾಗ ಇರುತ್ತದೆ: ಕೋಟೆಯ ಬುರುಜೋ, ಗಂಟೆಗೋಪುರವೋ, ಗುಡ್ಡವೋ. ನಾನು ಟಿಕೆಟ್ ಕೌಂಟರಿನ ಪಕ್ಕ ಎರಡು ಚೀಲಗಳನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತೇನೆ. ಅಕ್ಕ ಹೋಗುತ್ತಾಳೆ, ನಲವತ್ತು ನಿಮಿಷದ ಮೇಲೆ ಬೆವರಿಳಿಸಿಕೊಂಡು ಬರುತ್ತಾಳೆ. ಬಂದವಳು ಹೇಳುತ್ತಾಳೆ.

ಅಕ್ಕ ಹೇಳುವುದನ್ನು ಕೇಳಬೇಕು. ಮನೆಯಲ್ಲಿ ಉಪ್ಪು ಮುಗಿದಿದೆ ಎನ್ನಲೂ ಬೇಸರಪಡುವ ಹೆಂಗಸು, ಗುಡ್ಡ ಇಳಿದು ಬಂದಾಗ ಮಾತ್ರ ಬೇರೆಯೇ ಆಗುತ್ತಿದ್ದಳು. ನದಿ ಎಲ್ಲಿ ತಿರುಗುತ್ತದೆ, ಯಾರ ತಾರಸಿಯ ಮೇಲೆ ಎಂಥ ಬಟ್ಟೆ ಒಣಗುತ್ತಿದೆ, ಯಾವ ಓಣಿಯಲ್ಲಿ ಇಬ್ಬರು ಸೈಕಲ್ಲಿನವರು ಡಿಕ್ಕಿ ಹೊಡೆದು ಜಗಳವಾಡುತ್ತಿದ್ದಾರೆ, ಎಲ್ಲವನ್ನೂ ಹೇಳುತ್ತಿದ್ದಳು. ಊರಿಗೆ ಬಂದು ನಾನು ಅದನ್ನೆಲ್ಲ ತುಂಡು ಬಟ್ಟೆಗಳಲ್ಲಿ ಕತ್ತರಿಸಿ ಒಂದು ಪರದೆಯ ಮೇಲೆ ಹೊಲಿಯುತ್ತಿದ್ದೆ. ಹನ್ನೊಂದು ಪ್ರವಾಸ, ಹನ್ನೊಂದು ಚೌಕ. ಅಂಗಡಿಗೆ ಬಂದವರು ಪ್ಯಾಂಟಿನ ಅಳತೆ ಕೊಡುವುದನ್ನು ಮರೆತು ಪರದೆ ನೋಡುತ್ತಾ ನಿಲ್ಲುತ್ತಿದ್ದರು.

ಅದರಲ್ಲಿ ನನಗೆ ಹೆಚ್ಚು ಇಷ್ಟವಾದ ಚೌಕ ದೀಪಸ್ತಂಭದ್ದು. ಒಂಬತ್ತು ವರ್ಷದ ಹಿಂದೆ ಅಕ್ಕ ಇನ್ನೂರ ಹದಿನಾಲ್ಕು ಮೆಟ್ಟಿಲು ಹತ್ತಿಳಿದು ಬಂದು ಹೇಳಿದ್ದಳು: ದೂರದಲ್ಲಿ ಬೋರಲಾಗಿ ಬಿದ್ದ ಚಪ್ಪಲಿಯ ಹಾಗೆ ಒಂದು ದ್ವೀಪ, ದೀಪದ ಕೋಣೆಯಲ್ಲಿ ಹಿತ್ತಾಳೆಯ ಗೋಡೆ ಗಡಿಯಾರ, ಅದರ ಕೆಳಗೆ ಮಲಗಿದ ಒಕ್ಕಣ್ಣಿನ ಬೆಕ್ಕು. ದ್ವೀಪವನ್ನು ಶಾಲೆಯ ಪ್ಯಾಂಟಿನ ಕಂದು ಬಟ್ಟೆಯಲ್ಲಿ ಕತ್ತರಿಸಿದೆ. ಬೆಕ್ಕಿಗೆ ಕೋಟಿನ ಗುಂಡಿಯೊಂದನ್ನು ಕಣ್ಣಾಗಿ ಹೊಲಿದೆ. ಒಂದೇ ಗುಂಡಿ.

ಈ ವರ್ಷ ಆ ದೀಪಸ್ತಂಭಕ್ಕೆ ಲಿಫ್ಟ್ ಬಂದಿತು. "ಎಲ್ಲರಿಗೂ ಪ್ರವಾಸ" ಎಂಬ ಸರ್ಕಾರಿ ಕರಪತ್ರದಲ್ಲಿ ಚಿತ್ರ ಸಹಿತ ಸುದ್ದಿ. ಚಿತ್ರದಲ್ಲಿ ಲಿಫ್ಟಿನ ಮುಂದೆ ಹದಿನೈದು ಜನ ಅಧಿಕಾರಿಗಳು ನಿಂತಿದ್ದರು, ಒಬ್ಬರೂ ಕುಳಿತಿರಲಿಲ್ಲ. ನಾನು ಕರಪತ್ರವನ್ನು ಮೂರು ಸಲ ಓದಿದೆ. ನಲವತ್ತೈದು ವರ್ಷ ಎಲ್ಲವನ್ನೂ ಕೆಳಗಿನಿಂದ, ಬೇರೆಯವರ ಬಾಯಿಂದ ನೋಡಿದವಳು ನಾನು. ಒಂದು ಸಲ, ಒಂದೇ ಸಲ, ಮೇಲಿನಿಂದ ನನ್ನ ಕಣ್ಣಲ್ಲೇ ನೋಡಬೇಕು ಅನ್ನಿಸಿತು. ಅಷ್ಟು ಆಸೆ ನನಗೆ ಮತ್ಯಾವುದರ ಮೇಲೂ ಆಗಿದ್ದಿಲ್ಲ.

ಅಕ್ಕನಿಗೆ ತೋರಿಸಿದೆ. ಇಳಿಜಾರು ಹಾಕಿಲ್ಲವೆಂದು ಮೂರು ಹೋಟೆಲು, ಒಂದು ಬ್ಯಾಂಕಿನ ಮೇಲೆ ದೂರು ಬರೆದ ನನ್ನ ಅಕ್ಕ, ಲಿಫ್ಟ್ ಬಂತೆಂದಾಗ ಮುಖ ಸಣ್ಣದು ಮಾಡಿಕೊಂಡಳು.

"ಹೊಸ ಲಿಫ್ಟು. ಮಧ್ಯದಲ್ಲಿ ನಿಂತ್ರೆ?"

"ನಿಂತ್ರೆ ನಾನು ಕೂತಿರ್ತೀನಿ. ನನಗೇನು ಕಾಲು ನೋಯುತ್ತಾ?"

"ಒಂದ್ಸಲ ನೋಡಿದ ಜಾಗಾನೇ ಮತ್ತೆ ಯಾಕೆ? ಬೇರೆ ಊರಿಗೆ ಹೋಗೋಣ."

"ನೋಡಿದ್ದು ನೀನು."

"ಹೇಳಿದ್ನಲ್ಲೇ ಎಲ್ಲಾನೂ. ಒಂದಕ್ಷರ ಬಿಟ್ಟಿದ್ದೀನಾ?"

ಆಗ ನನಗೆ ಹೊಳೆದದ್ದು ಹೀಗೆ: ನಾನೇ ನೋಡಿಬಿಟ್ಟರೆ ಇವಳ ಹೇಳಿಕೆಗೆ ಬೆಲೆ ಹೋಗುತ್ತದೆ, ಅದಕ್ಕೇ ಹೊಟ್ಟೆಕಿಚ್ಚು. ನಾಲಿಗೆಗೆ ಎಲುಬಿಲ್ಲ, ಅಂದುಬಿಟ್ಟೆ. "ನಿನ್ನ ಕಣ್ಣಿನ ಎಂಜಲು ತಿಂದು ತಿಂದು ಸಾಕಾಗಿದೆ ಅಕ್ಕ." ಅವಳು ಮರುದಿನ ರೈಲಿನ ಟಿಕೆಟ್ ತಂದು ಹೊಲಿಗೆ ಯಂತ್ರದ ಮೇಲಿಟ್ಟಳು.

ಪ್ರಯಾಣದ ಕಥೆ ಎಂದಿನದೇ. ರೈಲಿನಲ್ಲಿ ನಮ್ಮಂಥವರ ಡಬ್ಬಿಯ ತುಂಬ ಬೇರೆಯವರ ಸಾಮಾನು. ನಾನು ಫೋನಿನಲ್ಲಿ ಮಾತಾಡಿದ್ದ ಹೋಟೆಲೇ ಕೊನೆಗೆ ಗತಿ; ಅದರ ಇಳಿಜಾರಿನ ಮೇಲೆ ಸಾಲಾಗಿ ಹೂಕುಂಡ. ಚೆನ್ನಾಗಿ ಕಾಣಲಿ ಅಂತ ಇಟ್ಟಿದ್ದೀವಿ ಎಂದರು. ನಮಗಾಗಿ ಮೀಸಲಾದ ಶೌಚಾಲಯದಲ್ಲಿ ನೆಲ ಒರೆಸುವ ಕೋಲು, ಬಕೆಟ್ಟು, ಹಳೆಯ ಫ್ಯಾನು ವಾಸವಾಗಿದ್ದವು. ಅಕ್ಕ ಹೂಕುಂಡ ಸರಿಸಿದಳು, ಬಕೆಟ್ಟುಗಳನ್ನು ಹೊರಗೆ ಹಾಕಿದಳು, ಮ್ಯಾನೇಜರ್ ಬಳಿ ಹೋಗಿ ಅವನ ನಲವತ್ತೆರಡು ಇಂಚು ನಲವತ್ತಕ್ಕೆ ಇಳಿಯುವಷ್ಟು ಬೈದಳು. ಮಾಮೂಲಿ ಅಕ್ಕನೇ. ಆದರೆ ರಾತ್ರಿ ಊಟ ಮಾಡಲಿಲ್ಲ, ಬೆಳಗ್ಗೆ ಕಾಫಿಯನ್ನೂ ಹಾಗೆಯೇ ಬಿಟ್ಟಳು.

ದೀಪಸ್ತಂಭದ ಕೌಂಟರಿನಲ್ಲಿ ಕುಳಿತ ಹೆಂಗಸು ನನ್ನ ತಲೆಯ ಮೇಲಿಂದ ಅಕ್ಕನನ್ನು ಕೇಳಿದಳು, "ಇವರು ಮೇಲೆ ಹೋಗ್ತಾರಾ?"

"ಅವಳಿಗೆ ಕಿವಿ ಕೇಳಿಸುತ್ತೆ. ಅವಳನ್ನೇ ಕೇಳಿ," ಎಂದಳು ಅಕ್ಕ. ಆದರೆ ದನಿಯಲ್ಲಿ ಎಂದಿನ ಖಾರ ಇರಲಿಲ್ಲ.

ಲಿಫ್ಟ್ ಸ್ತಂಭದ ಹೊರಮೈಗೆ ಅಂಟಿಕೊಂಡಿತ್ತು. ನಾಲ್ಕೂ ಕಡೆ ಗಾಜು, ಕಾಲ ಕೆಳಗೂ ಗಾಜಿನದೊಂದು ಪಟ್ಟಿ. ಪಕ್ಕದಲ್ಲಿ ನೀಲಿ ಫಲಕ, ಅದರ ಮೇಲೆ ಗಾಲಿಕುರ್ಚಿಯಲ್ಲಿ ಕುಳಿತ ಬಿಳಿ ಮನುಷ್ಯ. ಕೆಳಗೆ ಬರಹ: ರಕ್ತಸಂಬಂಧಿ ಸಹಾಯಕರಿಲ್ಲದೆ ಅಂಗವಿಕಲರು ಲಿಫ್ಟ್ ಬಳಸುವಂತಿಲ್ಲ. ಚಿತ್ರದ ಬಿಳಿ ಮನುಷ್ಯ ಒಬ್ಬನೇ ಕುಳಿತಿದ್ದ. ಅವನ ರಕ್ತಸಂಬಂಧಿ ಎಲ್ಲಿ ಎಂದು ಯಾರೂ ಕೇಳಿದಂತಿರಲಿಲ್ಲ.

"ಇಲ್ಲಿ ಸಹಿ ಮಾಡಿ," ಎಂದು ಕೌಂಟರಿನವಳು ಅಕ್ಕನ ಮುಂದೆ ನಮೂನೆ ಇಟ್ಟಳು. "ಜೊತೆಗೆ ನೀವು ಹೋಗ್ಬೇಕು."

ಅಕ್ಕ ಸಹಿ ಮಾಡಿದಳು. ನನ್ನನ್ನು ಲಿಫ್ಟಿನ ತನಕ ತಳ್ಳಿದಳು. ಬಾಗಿಲು ತೆರೆಯಿತು, ನನ್ನ ಮುಂದಿನ ಗಾಲಿಗಳು ಒಳಗೆ ಹೋದವು, ಹಿಂದಿನವು ಹೋಗಲಿಲ್ಲ. ತಿರುಗಿ ನೋಡಿದರೆ ಅಕ್ಕ ಒಂದು ಕೈಯಲ್ಲಿ ನನ್ನ ಕುರ್ಚಿಯನ್ನೂ ಇನ್ನೊಂದರಲ್ಲಿ ಬಾಗಿಲ ಚೌಕಟ್ಟನ್ನೂ ಹಿಡಿದು ನಿಂತಿದ್ದಾಳೆ. ಮುಖ ಬೂದಿಯ ಬಣ್ಣ. ನೋಡುತ್ತಿದ್ದಂತೆ ಮಂಡಿ ಮಡಚಿ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು.

ನಾನು ಗಾಬರಿಯಾಗಿ ಹಿಂದಕ್ಕೆ ಬಂದೆ. ಮೆಟ್ಟಿಲ ಬುಡದಲ್ಲಿ ಸ್ಟೂಲಿನ ಮೇಲೆ ಕುಳಿತಿದ್ದ ಕಾವಲುಗಾರ ನೀರಿನ ಬಾಟಲಿ ಹಿಡಿದು ಕುಂಟುತ್ತಾ ಬಂದ. ಅಕ್ಕನ ಮುಖವನ್ನು ಬಗ್ಗಿ ನೋಡಿದ.

"ಅಮ್ಮಾ, ನೀವಾ? ಈ ಸಲಾನೂ ಆಗಲಿಲ್ವಾ?"

ನಾನು ಕೇಳಿದೆ, "ಈ ಸಲಾನೂ ಅಂದ್ರೆ?"

ಪಾಪ, ಅವನಿಗೇನು ಗೊತ್ತು. ಸಹಾಯ ಮಾಡುತ್ತಿದ್ದೇನೆಂದುಕೊಂಡು ಎಲ್ಲವನ್ನೂ ಬಿಚ್ಚಿಟ್ಟ. "ಎಂಟೊಂಬತ್ತು ವರ್ಷ ಆಯ್ತೇನೋ. ಹದಿನೆಂಟನೇ ಮೆಟ್ಲ ಹತ್ರ ಒಂದು ಕಿಟಕಿ ಇದೆ, ಅಲ್ಲಿ ತನಕ ಹತ್ತಿದ್ರು. ಹೊರಗೆ ನೋಡಿ ತಲೆ ತಿರುಗಿ ಕೂತ್ಬಿಟ್ರು. ಮೇಲೂ ಇಲ್ಲ, ಕೆಳಗೂ ಇಲ್ಲ, ಮುಕ್ಕಾಲು ಗಂಟೆ. ಅಲ್ಲಿಂದಾನೇ ಕೂಗಿ, ಮೇಲೇನಿದೆ ಹೇಳಿ ಹೇಳಿ ಅಂತ ಕೆಳಗಿದ್ದ ನನ್ನ ಪ್ರಾಣ ತಿಂದ್ರು. ದ್ವೀಪ ಇದೆ, ಗಡಿಯಾರ ಇದೆ ಅಂದೆ."

"ಮತ್ತೆ ಬೆಕ್ಕು?"

"ಬೆಕ್ಕು ನಾನು ಹೇಳಿಲ್ಲಮ್ಮ."

"ಬೆಕ್ಕು ನಂದು," ಎಂದಳು ಅಕ್ಕ ನೆಲ ನೋಡುತ್ತಾ.

ನನಗೆ ಕೂಡಲೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಒಂದೊಂದಾಗಿ ಕೇಳಿದೆ. "ಕೋಟೆ ಬುರುಜು?"

"ಹಿಂದುಗಡೆ ಒಂದು ಮರ ಇತ್ತು. ಅದರ ಕೆಳಗೆ ಕೂತಿದ್ದೆ."

"ಗಂಟೆಗೋಪುರ?"

"ಅಲ್ಲೂ ಅಷ್ಟೇ."

"ಹನ್ನೊಂದೂನಾ?"

"ಹನ್ನೊಂದೂ."

"ನಾಲ್ಕನೇ ಮಹಡಿ ಬಡ್ತಿ?"

ಅಕ್ಕ ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಾ, "ಅದೂ," ಎಂದಳು.

ನನ್ನ ಕೋಪ ಹೇಗಿತ್ತೆಂದರೆ, ಕಾಲಿದ್ದಿದ್ದರೆ ಎದ್ದು ಹೋಗುತ್ತಿದ್ದೆ. ಇಷ್ಟು ವರ್ಷ ಇವಳ ಎರಡು ಕಾಲುಗಳ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದೆನಲ್ಲ, ಅದೆಲ್ಲ ದಂಡ. ಇವಳ ತ್ಯಾಗಕ್ಕೆ ತಲೆ ಬಾಗಿಸಿದ್ದೂ ದಂಡ. "ಯಾಕೆ ಹೇಳಲಿಲ್ಲ?" ಎಂದೆ.

"ನಿನಗೆ ಆಗಲ್ಲ ಅಂದ್ರೆ ಎಲ್ಲರೂ ಒಪ್ತಾರೆ ಕಣೇ. ಕಾರ್ಡಿದೆ, ಬೋರ್ಡಿದೆ. ನನ್ನ ಕಾಲು ಸರಿಯಾಗಿದೆಯಲ್ಲ. ನನಗೆ ಆಗಲ್ಲ ಅಂದ್ರೆ ಯಾರು ಒಪ್ತಾರೆ?" ಎಂದಳು. ಆಮೇಲೆ ಸಣ್ಣ ದನಿಯಲ್ಲಿ, "ನೀನು ಚೀಲ ಹಿಡ್ಕೊಂಡು ಕಾಯ್ತಿರ್ತಿದ್ದೆ. ಬರಿಗೈಲಿ ಹೇಗೆ ಬರೋದು?" ಎಂದಳು.

ಇಷ್ಟು ದೂರ ಬಂದು, ಲಿಫ್ಟಿನ ಬಾಗಿಲು ತೆರೆದೇ ಇದ್ದು, ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗಾಗಿತ್ತು. ಒಬ್ಬಳೇ ಹೋಗುತ್ತೇನೆ ಎಂದರೆ ಕೌಂಟರಿನವಳು ಫಲಕ ತೋರಿಸಿದಳು. ಅಷ್ಟರಲ್ಲಿ ಕಾವಲುಗಾರ ಟೋಪಿ ತೆಗೆದು ತಲೆ ಕೆರೆದುಕೊಂಡ.

"ನಾನು ಬರ್ತೀನಿ. ಅಣ್ಣ ಅಂತ ಬರ್ಕೊಳ್ಳಿ."

"ನಿನಗ್ಯಾಕೆ ಇದೆಲ್ಲ?" ಎಂದಳು ಕೌಂಟರಿನವಳು.

"ಹನ್ನೆರಡು ವರ್ಷದಿಂದ ಇಲ್ಲೇ ಕೂತಿದ್ದೀನಿ. ಮಂಡಿ ನೋವು, ಮೆಟ್ಲು ಹತ್ತಕ್ಕಾಗಲ್ಲ. ಲಿಫ್ಟೇನೋ ಬಂತು, ಆದ್ರೆ ಸಿಬ್ಬಂದಿ ಹತ್ತಬಾರದು ಅಂತ ರೂಲ್ಸು. ಮೇಲೇನಿದೆ ಅಂತ ನಾನೂ ಒಂದ್ಸಲ ನೋಡ್ತೀನಿ."

"ಮತ್ತೆ ದ್ವೀಪ, ಗಡಿಯಾರ?" ಎಂದೆ.

"ಅದು ನನಗಿಂತ ಮುಂಚೆ ಇದ್ದವನು ಹೇಳಿದ್ದು. ಅವನಿಗೆ ಆಸ್ತಮಾ ಇತ್ತು."

ಕೌಂಟರಿನವಳು ಅಣ್ಣ ಎಂದೇ ಬರೆದುಕೊಂಡಳು. ಹೀಗೆ ನನಗೆ ಒಬ್ಬ ರಕ್ತಸಂಬಂಧಿ ಸಿಕ್ಕಿದ. ಆ ಅಣ್ಣನಿಗೆ ಮೇಲೆ ಹೋಗಲು ಒಬ್ಬ ಅಂಗವಿಕಲ ತಂಗಿ ಬೇಕಾಗಿದ್ದಳು. ಸಹಾಯಕರು ಯಾರು ಎಂಬ ಅಂಕಣದಲ್ಲಿ ಯಾರ ಹೆಸರು ಬರೆಯಬೇಕಿತ್ತೋ ನನಗೆ ಇನ್ನೂ ಗೊತ್ತಿಲ್ಲ.

ಲಿಫ್ಟ್ ಏರಿತು. ನನಗೆ ಭಯವಾಗಲಿಲ್ಲ. ಕೆಳಗಿನ ಮನೆಗಳ ಛಾವಣಿ ಸಣ್ಣದಾಗುತ್ತಾ ಹೋಗುವುದನ್ನು ನೋಡಿ ನಗು ಬಂತು. ಸಮುದ್ರದ ಕಡೆಯನ್ನು ಸ್ತಂಭವೇ ಮರೆಮಾಡಿತ್ತು; ಸಮುದ್ರ ಕಾಣುವುದು ತುದಿ ತಲುಪಿದ ಮೇಲೆಯೇ. ಬಾಗಿಲು ತೆರೆಯಿತು. ನಾನು ಗಾಲಿ ಉರುಳಿಸಿಕೊಂಡು ಹೊರಗೆ ಬಂದೆ.

ಎದುರಿಗೆ ಸುಣ್ಣದ ಗೋಡೆ.

ದೀಪದ ಕೋಣೆಯ ಸುತ್ತ ಒಂದು ಓಣಿ, ಓಣಿಯ ಸುತ್ತ ದಪ್ಪನೆಯ ಕೈಗೋಡೆ. ನಿಂತವರ ಎದೆಯ ಮಟ್ಟಕ್ಕಿತ್ತು, ನನಗೆ ಹಣೆಯ ಮೇಲಕ್ಕೆ. ಒಂದು ಸುತ್ತು ಬಂದೆ. ಎಲ್ಲ ಕಡೆಯೂ ಅದೇ ಗೋಡೆ, ಮೇಲೆ ಬರೀ ಆಕಾಶ. ಆ ಆಕಾಶ ನಮ್ಮ ಅಂಗಡಿಯ ಮುಂದೆಯೂ ಇದೆ. ಕುರ್ಚಿಯ ಜೇಬಿನಿಂದ ಅಳತೆ ಪಟ್ಟಿ ತೆಗೆದು ಹಿಡಿದೆ. ಗೋಡೆ ನಲವತ್ತೆಂಟು ಇಂಚು, ನನ್ನ ಕಣ್ಣು ನಲವತ್ತನಾಲ್ಕು. ನಾಲ್ಕೇ ಇಂಚು. ಪ್ಯಾಂಟಾಗಿದ್ದರೆ ಅರ್ಧ ಗಂಟೆಯಲ್ಲಿ ಬಿಚ್ಚಿ ಮಡಚಿ ಹೊಲಿದು ಕೊಡುತ್ತಿದ್ದೆ. ನನಗೆ ಅಳು ಬಂತು, ಅತ್ತೆ.

ಕಾವಲುಗಾರ ಗೋಡೆಯ ಮೇಲೆ ಮೊಣಕೈ ಊರಿ ನೋಡುತ್ತಿದ್ದ. ಮೂಗು ಒರೆಸಿಕೊಂಡು ಕೇಳಿದೆ, "ಏನು ಕಾಣುತ್ತೆ ಅಣ್ಣ?"

ಅವನು ತುಂಬಾ ಹೊತ್ತು ನೋಡಿ, "ನೀರು," ಎಂದ.

"ಮತ್ತೆ?"

"ನೀರೇ."

"ದ್ವೀಪ?"

ಈ ಕಡೆ ಹೋದ, ಆ ಕಡೆ ಹೋದ. "ಇಲ್ಲಮ್ಮ. ಎಲ್ಲಾ ಕಡೆ ಒಂದೇ ಥರ ನೀರಿದೆ."

ದೀಪದ ಕೋಣೆಯ ಬಾಗಿಲಿಗೆ ಬೀಗ. ಕಿಟಕಿಯಿಂದ ಇಣುಕಿ ನೋಡಿ, ಒಳಗೆ ದೀಪ ಬಿಟ್ಟು ಬೇರೇನಿಲ್ಲ ಎಂದ. ಇವನ ಬಾಯಿಂದ ಬಿದ್ದ ಎರಡು ಒಣ ಮಾತು ಹಿಡಿದುಕೊಂಡು, ತಲೆ ತಿರುಗುತ್ತಾ, ಬೆವರುತ್ತಾ, ಹದಿನೆಂಟನೇ ಮೆಟ್ಟಿಲ ಮೇಲೆ ಮುಕ್ಕಾಲು ಗಂಟೆ ಕುಳಿತು ಅಕ್ಕ ಚಪ್ಪಲಿಯಾಕಾರದ ದ್ವೀಪ ಮಾಡಿದ್ದಳು. ಸಾಲದೆಂದು ಒಂದು ಬೆಕ್ಕನ್ನೂ ಸಾಕಿದ್ದಳು. ನನಗೆ ಅವಳ ಮೇಲಿದ್ದ ಕೋಪ ಹೋಗಲಿಲ್ಲ, ಆದರೆ ಅದರ ಪಕ್ಕದಲ್ಲಿ ಇನ್ನೊಂದೇನೋ ಬಂದು ಕುಳಿತಿತು.

ಮೂವತ್ತು ವರ್ಷ ಕೈಯಲ್ಲೇ ತಿರುಗಿಸುವ ಯಂತ್ರದಲ್ಲಿ ಹೊಲಿದವಳು ನಾನು, ತೋಳಿನಲ್ಲಿ ಬಲವಿದೆ. ಕುರ್ಚಿಯ ಎರಡೂ ಕೈಗಳ ಮೇಲೆ ಅಂಗೈ ಊರಿ ಮೈಯನ್ನು ಎತ್ತಿದೆ. ಒಂದಿಂಚು, ಎರಡು, ನಾಲ್ಕು, ಐದು. ತೋಳು ಗಡಗಡ ನಡುಗಿತು. ಎರಡು ಉಸಿರಿನಷ್ಟು ಹೊತ್ತು ಗೋಡೆಯಾಚೆ ಕಂಡಿತು. ಕಾವಲುಗಾರ ಸುಳ್ಳು ಹೇಳಿರಲಿಲ್ಲ. ನೀರು, ನೀರೇ. ಆದರೂ ಅದನ್ನು ನಾನೇ ನೋಡಿದೆ. ಧೊಪ್ಪನೆ ಕುರ್ಚಿಗೆ ಬಿದ್ದು, ಹೋಗೋಣ ಎಂದೆ.

ಇಳಿಯುವಾಗ ಅಕ್ಕನಿಗೆ ಹೇಳಬೇಕಾದ್ದನ್ನು ಜೋಡಿಸಿಕೊಂಡೆ. ಚುಚ್ಚುವ ಮಾತು ನನಗೆ ಸೂಜಿಯಷ್ಟೇ ರೂಢಿ. ಬಾಗಿಲು ತೆರೆದಾಗ ಅವಳು ಕಾಯುವವರ ಬೆಂಚಿನ ಮೇಲೆ, ಎರಡೂ ಚೀಲಗಳನ್ನು ಮಡಿಲಲ್ಲಿ ಹಿಡಿದುಕೊಂಡು ಕುಳಿತಿದ್ದಳು. ಕೆಳಗೆ ಕಾಯುವವರ ಮುಖ ಹೇಗಿರುತ್ತದೆಂದು ನಾನು ಎಂದೂ ನೋಡಿರಲಿಲ್ಲ. ಅದು ಯಾವಾಗಲೂ ನನ್ನ ಮುಖವೇ ಆಗಿತ್ತು. ಅವಳು ನನ್ನ ಕಣ್ಣು ಕೆಂಪಾಗಿದ್ದನ್ನು ಕಂಡಳು. ಬೈಗುಳಕ್ಕೆ ಕಾದಿದ್ದಳು ಅನ್ನಿಸುತ್ತದೆ. ಆದರೂ ತಡೆಯಲಾರದೆ ಕೇಳಿದಳು.

"ದ್ವೀಪ ನಿಜವಾಗ್ಲೂ ಇದೆಯೇನೇ?"

ಒಂಬತ್ತು ವರ್ಷದಿಂದ ಅವಳಿಗೂ ಗೊತ್ತಿರಲಿಲ್ಲ.

"ಇದೆ," ಎಂದೆ. ಕಾವಲುಗಾರ ಹಿಂದೆ ಕೆಮ್ಮಿದ. "ಆದ್ರೆ ಚಪ್ಪಲಿ ಥರ ಏನಿಲ್ಲ. ಹಿಮ್ಮಡಿ ಕಡೆ ಎತ್ತರ, ಬೂಟು ಅನ್ನಬಹುದು. ಒಂದು ದೋಣಿ ಹೋಗ್ತಿತ್ತು. ಅದರಲ್ಲಿ ಯಾರೋ ಹಳದಿ ಅಂಗಿ ಒಣಗ್ಹಾಕಿದ್ರು."

"ಗಡಿಯಾರ?"

"ಹಿತ್ತಾಳೇದೇ. ನಿಂತು ಹೋಗಿದೆ."

ಅಕ್ಕ ಚೀಲಗಳನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು, ಬಾಯಿ ಅರ್ಧ ತೆರೆದು ಕೇಳುತ್ತಿದ್ದಳು. ಮುಂದಿನದನ್ನು ಅವಳು ಕೇಳಲಿಲ್ಲ. ನಾನೇ ಹೇಳಿದೆ.

"ಬೆಕ್ಕೂ ಇತ್ತು. ವಯಸ್ಸಾಗಿದೆ ಪಾಪ. ಆದ್ರೆ ಎರಡು ಕಣ್ಣೂ ನೆಟ್ಟಗಿವೆ ಅಕ್ಕ. ನೀನು ಸರಿಯಾಗಿ ನೋಡಿಲ್ಲ."

ಅವಳು ನನ್ನನ್ನೇ ನೋಡಿದಳು. ಆಮೇಲೆ ಕಾವಲುಗಾರನನ್ನು ನೋಡಿದಳು. ಅವನು ತನ್ನ ಟೋಪಿಯ ಒಳಗೆ ಏನನ್ನೋ ಹುಡುಕುತ್ತಿದ್ದ.

"ನಾನು ಒಂದು ಮಗ್ಗುಲಿಂದ ನೋಡಿದ್ದು ಕಣೇ," ಎಂದಳು. "ಅದು ಆ ಕಡೆ ತಿರುಗಿ ಮಲಗಿತ್ತು."

ಊರಿಗೆ ಬಂದ ಮೇಲೆ ಪರದೆಯನ್ನು ಎಳೆದು ಕೆಳಗಿಳಿಸಿ ಬೆಕ್ಕಿಗೆ ಇನ್ನೊಂದು ಗುಂಡಿ ಹೊಲಿದೆ. ಅಕ್ಕ ಪಕ್ಕದಲ್ಲಿ ಕುಳಿತು ಸೂಜಿಗೆ ದಾರ ಪೋಣಿಸಿಕೊಟ್ಟಳು. ಪರದೆಯನ್ನು ಮತ್ತೆ ತೂಗುಹಾಕಬೇಕಾದಾಗ ಸ್ಟೂಲು ಹತ್ತಲು ಪಕ್ಕದ ಅಂಗಡಿಯವನನ್ನು ಕರೆದೆವು.